ಹೆಸರಿಲ್ಲದ ಮುಖಗಳೂ ನಮ್ಮ ಗೋಡೆಗಳೂ

ಕಳೆದ ತಿಂಗಳ ಒಂದು ಭಾನುವಾರ. ಸಂಘದ ವಾಚನಾಲಯದ ವೇಳೆ ಮುಗಿದಿತ್ತು, ಕಾರ್ಯಕಾರಿ ಸಮಿತಿಯ ಸಭೆ ಇನ್ನೂ ಆರಂಭವಾಗಿರಲಿಲ್ಲ. ಚಹಾ ಬಂದಿತ್ತು, ಅಧ್ಯಕ್ಷರು ಬಂದಿರಲಿಲ್ಲ. ಸದಸ್ಯರೊಬ್ಬರ ಮಗಳು ಲಂಡನ್ನಿನಲ್ಲಿ ಕೆಲಸದಲ್ಲಿರುವವಳು, ರಜೆಗೆಂದು ಬಂದು ತಂದೆಯ ಜತೆ ಕುಳಿತಿದ್ದಳು. ಸಭಾಂಗಣದ ಪಟಗಳಿಗೆ ರಾಜ್ಯೋತ್ಸವದೊಳಗೆ ಹೊಸ ಕಟ್ಟು ಹಾಕಿಸಬೇಕೆಂಬ ಮಾತು ನಡೆದಿತ್ತು. ಅದನ್ನು ಕೇಳಿ ಆಕೆ, 2021ರ ಬೇಸಿಗೆಯಲ್ಲಿ ಇಂಗ್ಲೆಂಡಿನ ಕಿರ್ಬಿ ಹಾಲ್ ಎಂಬ ಹಳೆಯ ಸಿರಿವಂತರ ಮನೆಯಲ್ಲಿ ತಾನು ಕಂಡ ಒಂದು ಭಾವಚಿತ್ರದ ವಿಷಯ ಹೇಳಿದಳು. ಜೇಮ್ಸ್ ಚಾಪೆಲ್ ಎಂಬ ಕಪ್ಪು ಜನಾಂಗದ ಸೇವಕನ ಚಿತ್ರ ಅದು. ಅವನು ಬದುಕಿದ್ದುದು ಮುನ್ನೂರೈವತ್ತು ವರ್ಷಗಳ ಹಿಂದೆ. ಚಿತ್ರ ಬರೆದದ್ದು ಮೊನ್ನೆ ಮೊನ್ನೆ.

ಧಾರವಾಡದ ಕಡೆಯ ಹಿರಿಯರೊಬ್ಬರು ಕೂಡಲೇ ಕೇಳಿದರು: "ಅಲ್ಲವಾ ತಂಗಿ, ಆ ಮನಿಷ್ಯಾನ್ನ ಕಂಡವರು ಯಾರೂ ಇಲ್ಲ, ಫೋಟೋ ಇಲ್ಲ. ಹಂಗಾದ್ರ ಈ ಮಾರಿ ಎಲ್ಲಿಂದ ಬಂತು?"

"ಊಹೆ ಮಾಡಿ ಬರೆದದ್ದು, ಕಾಕಾ," ಎಂದಳು ಹುಡುಗಿ.

"ಅದೆಲ್ಲ ಬಿಳಿಯರ ಈಗಿನ ಫ್ಯಾಷನ್ ಮಾರಾಯ್ರೆ," ಎಂದರು ಮಂಗಳೂರಿನ ಕಡೆಯವರೊಬ್ಬರು. "ನಿನ್ನೆಯವರೆಗೆ ಚಾಟಿಯಲ್ಲಿ ಹೊಡೆದದ್ದು, ಇವತ್ತು ಚಿತ್ರ ಬರೆದು ಕೈಮುಗಿಯುವುದು. ನಮಗೇನು ಅದರಿಂದ?"

ಎಲ್ಲರೂ ನಕ್ಕರು. ನಾವೂ ನಕ್ಕೆವು. ಹುಡುಗಿ ಸುಮ್ಮನಾದಳು. ಅಷ್ಟರಲ್ಲಿ ಅಧ್ಯಕ್ಷರು ಬಂದರು, ಸಭೆ ಆರಂಭವಾಯಿತು, ಪಟಗಳ ಕಟ್ಟಿನ ಖರ್ಚು ಮಂಜೂರಾಯಿತು.

ಆ ನಗೆ ಮಾತ್ರ ಮನೆಗೆ ಬಂದ ಮೇಲೂ ನಮ್ಮನ್ನು ಬಿಡಲಿಲ್ಲ. ಅಂದು ಕೇಳಿದ ಪ್ರಶ್ನೆಗಳು ಮೂರು: ಕಾಣದ ಮುಖವನ್ನು ಬರೆಯುವುದು ಸುಳ್ಳಲ್ಲವೆ? ಇದು ಬಿಳಿಯರ ಷೋಕಿಯಲ್ಲವೆ? ನಮಗೂ ಅದಕ್ಕೂ ಏನು ಸಂಬಂಧ? ಮೂರಕ್ಕೂ ಅಂದೇ ಉತ್ತರ ಕೊಡಬಹುದಿತ್ತು. ಬಾಯಿ ಬರಲಿಲ್ಲ. ಆದ್ದರಿಂದ ಈಗ ಬರೆಯುತ್ತಿದ್ದೇವೆ. ಹಿರಿಯರ ಮನಸ್ಸು ನೋಯಿಸುವ ಉದ್ದೇಶ ನಮಗಿಲ್ಲ. ಆದರೆ ನೋವಾಗದ ಹಾಗೆ ಹೇಳುವ ವಿಷಯವೂ ಇದಲ್ಲ.

ಮೊದಲು ಸಂಗತಿಯನ್ನು ತಿಳಿಯೋಣ. ಇಂಗ್ಲಿಷ್ ಹೆರಿಟೇಜ್ ಎಂಬುದು ಆ ದೇಶದ ನಾನೂರಕ್ಕೂ ಹೆಚ್ಚು ಕೋಟೆ, ಅರಮನೆ, ಮಠ, ಪಾಳುಗೋಡೆಗಳನ್ನು ನೋಡಿಕೊಳ್ಳುವ ಸಂಸ್ಥೆ. ನಮ್ಮ ಪುರಾತತ್ವ ಇಲಾಖೆಯ ಕೆಲಸದಂಥದೇ ಅದರ ಕೆಲಸ. ಈ ಸ್ಥಳಗಳ ಇತಿಹಾಸದಲ್ಲಿ ಆಫ್ರಿಕ ಮೂಲದವರೂ ಇದ್ದರು, ಅವರ ಮುಖ ಮಾತ್ರ ಯಾವ ಗೋಡೆಯ ಮೇಲೂ ಇಲ್ಲ ಎಂಬುದನ್ನು ಗಮನಿಸಿ, ಆ ಸಂಸ್ಥೆ ಇಂದಿನ ಕಲಾವಿದರಿಂದ ಆರು ಮಂದಿಯ ಭಾವಚಿತ್ರ ಬರೆಸಿತು. 2020ರ ಅಕ್ಟೋಬರಿನಲ್ಲಿ ಮೊದಲನೆಯದು, 2021ರಲ್ಲಿ ಉಳಿದವು ಜನರೆದುರು ಬಂದವು. ರೋಮಿನ ಚಕ್ರವರ್ತಿ ಸೆಪ್ಟಿಮಿಯಸ್ ಸೆವೆರಸ್, ಏಳನೆಯ ಶತಮಾನದಲ್ಲಿ ಕ್ಯಾಂಟರ್ಬರಿಯ ಮಠಾಧಿಪತಿಯಾಗಿದ್ದ ಹೇಡ್ರಿಯನ್, ನಮ್ಮ ಜೇಮ್ಸ್ ಚಾಪೆಲ್, ಡೈಡೊ ಬೆಲ್, ಸಾರಾ ಫೋರ್ಬ್ಸ್ ಬೊನೆಟ್ಟಾ, ಮತ್ತು ಮೊದಲ ಮಹಾಯುದ್ಧದ ಸಿಪಾಯಿ ಆರ್ಥರ್ ರಾಬರ್ಟ್ಸ್. ಈ ಕೊನೆಯವನ ದಿನಚರಿ ಅವನು ಸತ್ತು ಎಷ್ಟೋ ವರ್ಷಗಳ ಮೇಲೆ ಗ್ಲಾಸ್ಗೋ ನಗರದ ಮನೆಯೊಂದರಲ್ಲಿ ಸಿಕ್ಕಿತು. ಚಕ್ರವರ್ತಿಯಿಂದ ಸಿಪಾಯಿಯವರೆಗೆ ಸಾವಿರದ ಏಳುನೂರಕ್ಕೂ ಹೆಚ್ಚು ವರ್ಷಗಳ ಅಂತರವಿದೆ.

ಇವರಲ್ಲಿ ಜೇಮ್ಸ್ ಚಾಪೆಲ್‌ನ ಕತೆಯನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಕಿರ್ಬಿ ಹಾಲ್ ಲಾರ್ಡ್ ಕ್ರಿಸ್ಟೋಫರ್ ಹ್ಯಾಟನ್ ಎಂಬಾತನ ಮನೆ. ಚಾಪೆಲ್ ಅಲ್ಲಿನ ಆಳು, ಹುಡುಗನಾಗಿದ್ದಾಗಲೇ ಸೇರಿದವನು. ಹ್ಯಾಟನ್ ಗರ್ನ್ಸಿ ದ್ವೀಪಕ್ಕೆ ಗವರ್ನರನಾದಾಗ ಮನೆಮಂದಿಯೆಲ್ಲ ಅಲ್ಲಿನ ಕಾರ್ನೆಟ್ ಕೋಟೆಯಲ್ಲಿ ವಾಸವಾಗಿದ್ದರು. 1672ರ ಡಿಸೆಂಬರ್ ಕೊನೆಯ ಒಂದು ರಾತ್ರಿ ಕೋಟೆಯ ಮದ್ದಿನ ಮನೆಗೆ ಸಿಡಿಲು ಬಡಿಯಿತು. ಮದ್ದು ಸಿಡಿದು ಕೋಟೆ ಹಾರಿಹೋಯಿತು. ಹ್ಯಾಟನ್ನನ ತಾಯಿ, ಹೆಂಡತಿ ಇಬ್ಬರೂ ಸತ್ತರು. ಆ ಬಿರುಗಾಳಿಯ ಕತ್ತಲಲ್ಲಿ, ಕುಸಿದ ಗೋಡೆಗಳ ನಡುವೆ ಹುಡುಕಿ ಹ್ಯಾಟನ್ನನನ್ನೂ ಅವನ ಎಳೆಯ ಹೆಣ್ಣುಮಕ್ಕಳನ್ನೂ ಬದುಕಿಸಿದವನು ಚಾಪೆಲ್ ಎಂದು ಹೇಳಲಾಗಿದೆ. ಹ್ಯಾಟನ್ 1706ರಲ್ಲಿ ಸತ್ತಾಗ ಅವನ ಉಯಿಲಿನಲ್ಲಿ ಚಾಪೆಲ್‌ಗೆ ವರ್ಷಕ್ಕೆ 20 ಪೌಂಡು ಕೊಡಬೇಕೆಂದು ಬರೆದಿತ್ತು.

ಕಚೇರಿಯಲ್ಲಿ ಇಪ್ಪತ್ತು ವರ್ಷ ಫೈಲು ತಿರುವಿದ ನಮ್ಮಂಥವರಿಗೆ ಒಂದು ವಿಷಯ ಚೆನ್ನಾಗಿ ಗೊತ್ತು. ಸಣ್ಣ ನೌಕರನ ಹೆಸರು ಕಾಗದದ ಮೇಲೆ ಬರುವುದು ಎರಡೇ ಸಂದರ್ಭದಲ್ಲಿ: ಅವನಿಗೆ ಹಣ ಕೊಡುವಾಗ, ಇಲ್ಲವೆ ಅವನಿಂದ ವಸೂಲು ಮಾಡುವಾಗ. ಚಾಪೆಲ್‌ನ ಹೆಸರು ಉಳಿದಿರುವುದೂ ಬಹುಮಟ್ಟಿಗೆ ಹಾಗೆಯೇ. ಉಯಿಲಿನಲ್ಲಿ ಹೆಸರು ಇತ್ತು, ಮುಖ ಇರಲಿಲ್ಲ. ಗ್ಲೋರಿ ಸ್ಯಾಮ್‌ಜಾಲಿ ಎಂಬ ಚಿತ್ರಗಾರ್ತಿ 2021ರಲ್ಲಿ ಆ ಮುಖ ಬರೆದಳು.

ಇನ್ನು ಡೈಡೊ ಬೆಲ್. ಈಕೆ ಹುಟ್ಟಿದ್ದು 1761ರಲ್ಲಿ. ತಾಯಿ ಮರಿಯಾ ಬೆಲ್ ಗುಲಾಮಳು. ತಂದೆ ಜಾನ್ ಲಿಂಡ್ಸೆ ಬ್ರಿಟಿಷ್ ನೌಕಾಪಡೆಯ ಅಧಿಕಾರಿ. ಇವನೇ 1770ರ ಸುಮಾರಿಗೆ ಆರ್ಕಾಟಿನ ನವಾಬನ ಬಳಿಗೆ ಇಂಗ್ಲೆಂಡಿನ ದೊರೆಯ ಪ್ರತಿನಿಧಿಯಾಗಿ ಮದರಾಸಿಗೆ ಬಂದಿದ್ದವನು. ಮಗಳನ್ನು ಅವನ ಸೋದರಮಾವ ಲಾರ್ಡ್ ಮ್ಯಾನ್ಸ್‌ಫೀಲ್ಡ್ ಲಂಡನ್ನಿನ ಕೆನ್‌ವುಡ್ ಮನೆಯಲ್ಲಿ ಸಾಕಿದ. ಮ್ಯಾನ್ಸ್‌ಫೀಲ್ಡ್ ಇಂಗ್ಲೆಂಡಿನ ಮುಖ್ಯ ನ್ಯಾಯಾಧೀಶ. ಗುಲಾಮನೊಬ್ಬನನ್ನು ಬಲವಂತವಾಗಿ ಇಂಗ್ಲೆಂಡಿನಿಂದ ಹೊರಗೆ ಸಾಗಿಸುವಂತಿಲ್ಲವೆಂದು 1772ರಲ್ಲಿ ತೀರ್ಪು ಕೊಟ್ಟವನು. ಅದೇ ಮನೆಯಲ್ಲಿ ಬೆಳೆದ ಇನ್ನೊಬ್ಬ ಹುಡುಗಿ ಎಲಿಜಬೆತ್ ಮರ್ರೆ. 1779ರ ಸುಮಾರಿಗೆ ಈ ಇಬ್ಬರನ್ನೂ ಒಟ್ಟಿಗೆ ನಿಲ್ಲಿಸಿ ಬರೆದ ತೈಲಚಿತ್ರವೊಂದು ಈಗ ಸ್ಕಾಟ್ಲೆಂಡಿನ ಸ್ಕೋನ್ ಅರಮನೆಯಲ್ಲಿದೆ. ಡೈಡೊ ರೇಷ್ಮೆ ಉಟ್ಟು, ತಲೆಗೆ ಗರಿ ಸಿಕ್ಕಿಸಿದ ಮುಂಡಾಸು ಸುತ್ತಿಕೊಂಡು, ನಗುಮುಖದಲ್ಲಿ ಇದ್ದಾಳೆ. ಎಲಿಜಬೆತ್ ಅವಳ ತೋಳು ಹಿಡಿದಿದ್ದಾಳೆ.

ಇಷ್ಟು ಸ್ಪಷ್ಟವಾಗಿ ಮುಖವಿದ್ದ ಈ ಚಿತ್ರಕ್ಕೆ ಏನಾಯಿತು ನೋಡಿ. 1904ರಲ್ಲಿ ಮನೆಯ ವಸ್ತುಗಳ ಪಟ್ಟಿ ಮಾಡಿದವರು ಅದನ್ನು ಲೇಡಿ ಎಲಿಜಬೆತ್ ಫಿಂಚ್-ಹ್ಯಾಟನ್ ಮತ್ತು ಒಬ್ಬ ನೀಗ್ರೋ ಸೇವಕಿ ಎಂಬರ್ಥದಲ್ಲಿ ದಾಖಲಿಸಿದರು. ಬಿಳಿಯ ಹುಡುಗಿಗೆ ಬಿರುದು, ಹೆಸರು, ಗಂಡನ ಮನೆತನ ಎಲ್ಲವೂ ಉಂಟು. ಪಕ್ಕದಲ್ಲಿರುವವಳು ಆ ಮನೆಯ ಮಗಳೆಂಬುದು ಮರೆತೇಹೋಗಿತ್ತು. ಅವಳು ಯಾರೆಂಬುದು ಮತ್ತೆ ಬೆಳಕಿಗೆ ಬರಲು ಎಪ್ಪತ್ತು ಎಂಬತ್ತು ವರ್ಷ ಬೇಕಾಯಿತು.

ಆ ಪಟ್ಟಿಯ ಗಂಡನ ಮನೆತನದ ಹೆಸರನ್ನು ಇನ್ನೊಮ್ಮೆ ಗಮನಿಸಬೇಕು: ಹ್ಯಾಟನ್. ಎಲಿಜಬೆತ್‌ಳ ಗಂಡ ಜಾರ್ಜ್ ಫಿಂಚ್-ಹ್ಯಾಟನ್ನನ ಅಜ್ಜಿ ಆನ್ ಹ್ಯಾಟನ್, ಕಾರ್ನೆಟ್ ಕೋಟೆ ಸಿಡಿದ ರಾತ್ರಿ ಬದುಕಿ ಉಳಿದ ಆ ಎಳೆಯ ಹೆಣ್ಣುಮಕ್ಕಳಲ್ಲಿ ಒಬ್ಬಳು. ಅಂದು ಕಪ್ಪು ಆಳೊಬ್ಬ ಕಲ್ಲು ಮಣ್ಣು ಸರಿಸಿ ಮಗುವನ್ನು ಎತ್ತಿಕೊಳ್ಳದಿದ್ದರೆ ಆ ಮನೆತನವೂ ಇಲ್ಲ, ಆ ಹೆಸರೂ ಇಲ್ಲ. ಆ ಹೆಸರನ್ನು ಪೂರ್ತಿಯಾಗಿ ಬರೆದ ಕೈಯೇ ಪಕ್ಕದಲ್ಲಿದ್ದ ಕಪ್ಪು ಹುಡುಗಿಯ ಹೆಸರನ್ನು ಬರೆಯಲಿಲ್ಲ. ಉಂಡ ಮನೆಯ ಜಂತೆ ಎಣಿಸುವುದು ಎಂದು ನಮ್ಮಲ್ಲಿ ಗಾದೆಯಿದೆ. ಇದು ಅದಕ್ಕೂ ಮೀರಿದ್ದು. ಇಲ್ಲಿ ಉಪಕಾರ ಮಾಡಿದವರನ್ನು ದ್ವೇಷಿಸಲಿಲ್ಲ, ಬೈಯಲಿಲ್ಲ. ಅವರು ಯಾರೆಂದು ಕೇಳಬೇಕೆಂದೇ ಯಾರಿಗೂ ತೋಚಲಿಲ್ಲ. 2021ರಲ್ಲಿ ಮಿಕೇಲಾ ಹೆನ್ರಿ-ಲೋ ಎಂಬ ಕಲಾವಿದೆ ಡೈಡೊಳನ್ನು ಒಬ್ಬಳನ್ನೇ ಬರೆದಳು. ಈಗ ಪಕ್ಕದಲ್ಲಿ ಇನ್ನೊಬ್ಬರಿಲ್ಲ. ಚಿತ್ರ ಯಾರದೆಂದು ಕೇಳಿದರೆ ಅವಳ ಹೆಸರನ್ನೇ ಹೇಳಬೇಕು.

ಈಗ ಮೊದಲನೆಯ ಆಕ್ಷೇಪಕ್ಕೆ ಬರೋಣ. ಕಾಣದ ಮುಖ ಬರೆಯುವುದು ಸುಳ್ಳು ಎನ್ನುತ್ತೀರಿ. ಸರಿ. ಸಂಘದ ಸಭಾಂಗಣಕ್ಕೆ ಹೋಗಿ ತಲೆಯೆತ್ತಿ ನೋಡಿ. ಹತ್ತನೆಯ ಶತಮಾನದ ಪಂಪ ಇದ್ದಾನೆ. ಹನ್ನೆರಡನೆಯ ಶತಮಾನದ ಬಸವಣ್ಣನವರು ಇದ್ದಾರೆ, ಅಕ್ಕಮಹಾದೇವಿ ಇದ್ದಾಳೆ. ತಂಬೂರಿ ಹಿಡಿದ ಪುರಂದರದಾಸರು ಇದ್ದಾರೆ, ಕನಕದಾಸರು ಇದ್ದಾರೆ. ಇವರಲ್ಲಿ ಯಾರು ಯಾವ ಚಿತ್ರಗಾರನ ಮುಂದೆ ಕುಳಿತಿದ್ದರು? ಎಲ್ಲವೂ ಇಪ್ಪತ್ತನೆಯ ಶತಮಾನದ ಕಲಾವಿದರ ಊಹೆ. ಬಸವಣ್ಣನವರ ಮೂಗು ಹೀಗೇ ಇತ್ತೆಂಬುದಕ್ಕೆ ಯಾವ ಶಾಸನವೂ ಇಲ್ಲ. ಆದರೂ ನಾವು ಹೂಮಾಲೆ ಹಾಕುತ್ತೇವೆ. ಹಾಕಬೇಕು. ಹಾಕುವಾಗ ಯಾರೂ "ಈ ಮಾರಿ ಎಲ್ಲಿಂದ ಬಂತು" ಎಂದು ಕೇಳುವುದಿಲ್ಲ.

2015ರ ನವೆಂಬರಿನಲ್ಲಿ ಲಂಡನ್ನಿನ ಥೇಮ್ಸ್ ನದಿಯ ದಂಡೆಯ ಮೇಲೆ ಬಸವೇಶ್ವರರ ಪ್ರತಿಮೆಯನ್ನು ಭಾರತದ ಪ್ರಧಾನ ಮಂತ್ರಿಗಳು ಅನಾವರಣ ಮಾಡಿದಾಗ ನಮ್ಮಲ್ಲಿ ಎಷ್ಟು ಸಂತೋಷವಾಗಿತ್ತೆಂದು ಜ್ಞಾಪಿಸಿಕೊಳ್ಳಿ. ಅದಾದ ಮರುವರ್ಷ, 2016ರಲ್ಲಿ, ಅದೇ ನದಿಯ ಅದೇ ದಂಡೆಯ ಸೇಂಟ್ ಥಾಮಸ್ ಆಸ್ಪತ್ರೆಯ ಆವರಣದಲ್ಲಿ ಮೇರಿ ಸೀಕೋಲಳ ಪ್ರತಿಮೆ ನಿಂತಿತು. ಜಮೈಕಾ ದ್ವೀಪದಲ್ಲಿ ಹುಟ್ಟಿದ ಕಪ್ಪು ಹೆಂಗಸು, ಕ್ರಿಮಿಯಾ ಯುದ್ಧದ ಕಾಲದಲ್ಲಿ ಸಿಪಾಯಿಗಳ ಶುಶ್ರೂಷೆ ಮಾಡಿದವಳು. ಅವಳ ಪ್ರತಿಮೆಗೆ ಬಹಳ ವಿರೋಧ ಬಂತು. ಇದರಿಂದ ಫ್ಲಾರೆನ್ಸ್ ನೈಟಿಂಗೇಲಳ ಗೌರವಕ್ಕೆ ಕುಂದು ಎಂದರು, ಆಕೆಯ ಕೆಲಸಕ್ಕೆ ಪುರಾವೆ ಸಾಲದು ಎಂದರು. ನಮ್ಮ ಮಹಾತ್ಮರಿಗೆ ಪರದೇಶದಲ್ಲಿ ಜಾಗ ಸಿಕ್ಕಾಗ ಪುರಾವೆ ಕೇಳದ ನಾವು, ಆ ದೇಶದಲ್ಲೇ ದುಡಿದು ಸತ್ತವರಿಗೆ ಜಾಗ ಸಿಕ್ಕಾಗ ಪುರಾವೆ ಕೇಳುವುದು ಯಾವ ನ್ಯಾಯ?

ನಾವು ಕಾಲೇಜಿನಲ್ಲಿ ವಿಜ್ಞಾನ ಓದಿದವರು. ನಮ್ಮ ರಸಾಯನಶಾಸ್ತ್ರದ ಮೇಷ್ಟ್ರು ಕರಿಹಲಗೆಯ ಮೇಲೆ ಪರಮಾಣುವನ್ನು ಸುತ್ತು ಸುತ್ತಾಗಿ ಬರೆಯುತ್ತಿದ್ದರು. ಅವರು ಅದನ್ನು ಕಣ್ಣಾರೆ ಕಂಡು ಬರೆದದ್ದಲ್ಲ. ಸಿಕ್ಕ ಆಧಾರಕ್ಕೆ ತಕ್ಕಂತೆ ಬರೆದದ್ದು. ಬೇರೆ ಆಧಾರ ಸಿಕ್ಕರೆ ಒರೆಸಿ ಬೇರೆ ಬರೆಯುವ ಷರತ್ತಿನ ಮೇಲೆ ಬರೆದದ್ದು. ಭಾವಚಿತ್ರಕ್ಕೂ ನಮ್ಮ ಷರತ್ತು ಅದೇ. ಹೆಸರು, ಕಾಲ, ಮಾಡಿದ ಕೆಲಸ ಇವು ದಾಖಲೆಯಿಂದ ಬಂದವು, ಮುಖ ಚಿತ್ರಗಾರನದು. ಇವೆರಡನ್ನೂ ಬೇರೆ ಬೇರೆಯಾಗಿ ಚಿತ್ರದ ಕೆಳಗೆ ಬರೆದರೆ ಅದರಲ್ಲಿ ಸುಳ್ಳಿಲ್ಲ. ಬರೆಯದಿದ್ದರೆ ತಪ್ಪು. ನಮ್ಮ ಪಟಗಳ ಕೆಳಗೂ ಹಾಗೆ ಬರೆದರೆ ನಮಗೇನೂ ನಷ್ಟವಾಗದು.

ಆ ಸಂಸ್ಥೆ ಮಾಡಿದ್ದೆಲ್ಲ ಸರಿ ಎಂದು ವಾದಿಸುವುದು ನಮ್ಮ ಉದ್ದೇಶವಲ್ಲ. ಸೆವೆರಸ್ ಚಕ್ರವರ್ತಿಯನ್ನು ಈ ಸಾಲಿಗೆ ಸೇರಿಸಿದ್ದು ನಮಗೆ ಪೂರ್ತಿ ಒಪ್ಪಿಗೆಯಾಗಿಲ್ಲ. ಅವನು ಇಂದಿನ ಲಿಬಿಯಾ ದೇಶದ ಲೆಪ್ಟಿಸ್ ಮ್ಯಾಗ್ನಾದಲ್ಲಿ ಹುಟ್ಟಿ, 211ರಲ್ಲಿ ಇಂಗ್ಲೆಂಡಿನ ಯಾರ್ಕಿನಲ್ಲಿ ಸತ್ತದ್ದು ನಿಜ. ಆದರೆ ಉತ್ತರ ಆಫ್ರಿಕದಲ್ಲಿ ಹುಟ್ಟಿದವನ ಮೈಬಣ್ಣ ಯಾವುದೆಂಬುದು ವಿದ್ವಾಂಸರು ಇನ್ನೂ ಚರ್ಚಿಸುವ ವಿಷಯ. ಅಲ್ಲದೆ ಇಡೀ ಸಾಮ್ರಾಜ್ಯ ಆಳಿದವನನ್ನು ಮರೆತುಹೋದವರ ಪಟ್ಟಿಗೆ ಸೇರಿಸುವುದೂ ಅಷ್ಟು ಸರಿಯಲ್ಲ. ಅವನ ಅಮೃತಶಿಲೆಯ ತಲೆಗಳು ಯೂರೋಪಿನ ವಸ್ತುಸಂಗ್ರಹಾಲಯಗಳಲ್ಲಿ ಬೇಕಾದಷ್ಟಿವೆ. ಆದರೆ ಒಂದು ಕಲಮು ದುರ್ಬಲವಾದರೆ ಇಡೀ ಅರ್ಜಿಯನ್ನು ವಜಾ ಮಾಡುವುದು ಒಳ್ಳೆಯ ಕಚೇರಿಯ ಪದ್ಧತಿಯಲ್ಲ.

ಎರಡನೆಯ ಆಕ್ಷೇಪ, ಬಿಳಿಯರ ಫ್ಯಾಷನ್ ಎಂಬುದು. ಇದರಲ್ಲಿ ಸ್ವಲ್ಪ ಸತ್ಯವಿದೆ, ಅದನ್ನು ಒಪ್ಪಬೇಕು. ಸಾರಾ ಫೋರ್ಬ್ಸ್ ಬೊನೆಟ್ಟಾಳ ಕತೆ ಕೇಳಿ. ಪಶ್ಚಿಮ ಆಫ್ರಿಕದ ಯೊರುಬಾ ಕುಲದ ಹುಡುಗಿ. ಡಹೋಮಿಯ ರಾಜ ಗೇಜೊನ ಕಡೆಯವರು ಅವಳ ಊರನ್ನು ಹಾಳುಮಾಡಿ ಅವಳನ್ನು ಸೆರೆ ಹಿಡಿದರು. 1850ರಲ್ಲಿ ಬ್ರಿಟಿಷ್ ನೌಕಾಪಡೆಯ ಕ್ಯಾಪ್ಟನ್ ಫೋರ್ಬ್ಸ್ ಅಲ್ಲಿಗೆ ಹೋದಾಗ, ಆ ರಾಜ ಈ ಎಳೆಯ ಹುಡುಗಿಯನ್ನು ವಿಕ್ಟೋರಿಯಾ ರಾಣಿಗೆ ಕಾಣಿಕೆಯಾಗಿ ಕೊಟ್ಟ. ಕ್ಯಾಪ್ಟನ್ನನ ಹೆಸರು ಫೋರ್ಬ್ಸ್, ಹಡಗಿನ ಹೆಸರು ಬೊನೆಟ್ಟಾ. ಎರಡೂ ಸೇರಿ ಹುಡುಗಿಯ ಹೆಸರಾಯಿತು. ರಾಣಿ ಅವಳ ಖರ್ಚು ನೋಡಿಕೊಂಡಳು, ಓದಿಸಿದಳು. 1862ರಲ್ಲಿ ಬ್ರೈಟನ್ ಪಟ್ಟಣದಲ್ಲಿ ಮದುವೆಯಾಯಿತು. 1880ರಲ್ಲಿ ಮದೀರಾ ದ್ವೀಪದಲ್ಲಿ ಕ್ಷಯದಿಂದ ತೀರಿಕೊಂಡಳು. ಹಳೆಯ ಫೋಟೋ ಒಂದರ ಆಧಾರದ ಮೇಲೆ ಹನ್ನಾ ಉಜೋರ್ ಬರೆದ ಚಿತ್ರದಲ್ಲಿ ಆಕೆ ಮದುವೆಯ ಬಿಳಿ ಉಡುಪಿನಲ್ಲಿದ್ದಾಳೆ. ಅದು ರಾಣಿಯ ಆಸ್ಬೋರ್ನ್ ಅರಮನೆಯಲ್ಲೇ ಪ್ರದರ್ಶನಗೊಂಡಿತು.

ಚಿತ್ರ ಸುಂದರ. ಆದರೆ ರಾಣಿಯ ದೊಡ್ಡತನ ಎಂದಷ್ಟೇ ಓದಿಕೊಂಡು ಹೊರಬಂದವನು ಕತೆಯ ಅರ್ಧವನ್ನು ಮಾತ್ರ ಓದಿದ. ಮನುಷ್ಯರ ಮಗುವನ್ನು ಬುಟ್ಟಿಯ ಮಾವಿನಹಣ್ಣಿನ ಹಾಗೆ ಕಾಣಿಕೆ ಕೊಟ್ಟರು, ಇವರು ಕೈಚಾಚಿ ತೆಗೆದುಕೊಂಡರು. ಇದನ್ನು ಚಿತ್ರದ ಪಕ್ಕದಲ್ಲಿ ಬರೆಯದಿದ್ದರೆ ಆ ಚಿತ್ರ ಗಾಯದ ಮೇಲೆ ಬಣ್ಣ ಬಳಿದಂತೆ. ಚಿತ್ರ ಬರೆಸಿದ ಮಾತ್ರಕ್ಕೆ ಹಳೆಯ ಸಾಲ ತೀರುವುದಿಲ್ಲ.

ಹಾಗೆಂದು ಬರೆಸಲೇಬಾರದೆಂದರೆ? ಸಾಲ ಪೂರ್ತಿ ತೀರಿಸಲಾರದವನು ಸಾಲವಿದೆ ಎಂದು ಒಪ್ಪಿಕೊಳ್ಳುವುದೂ ಬೇಡವೆಂದಂತೆ ಆಯಿತು. ಇನ್ನೊಂದು ಮಾತು: ನಾವು ಇಲ್ಲಿ ಹೆಸರಿಸಿದ ಚಿತ್ರಗಾರ್ತಿಯರು ಬಿಳಿಯರಲ್ಲ, ಆಫ್ರಿಕ ಮೂಲದವರು. ತಮ್ಮ ಹಿರಿಯರ ಮುಖವನ್ನು ತಾವೇ ಬರೆದಿದ್ದಾರೆ. ಅದನ್ನು ಬಿಳಿಯರ ಫ್ಯಾಷನ್ ಎಂದು ಕರೆದರೆ ಅವರ ಕೆಲಸವನ್ನೂ ಅವರಿಂದ ಕಿತ್ತುಕೊಂಡಂತೆ. ಪಟ್ಟಿ ಬರೆದ ಆ 1904ರ ಗುಮಾಸ್ತ ಮಾಡಿದ್ದೂ ಅದನ್ನೇ.

ಮೂರನೆಯ ಆಕ್ಷೇಪ: ನಮಗೇನು ಸಂಬಂಧ? ಈ ಪ್ರಶ್ನೆಯನ್ನು ಬಿಜಾಪುರದ ನಾಡಿನವರು ಕೇಳಿದರೆ ನಮಗೆ ನಗು ಬರುತ್ತದೆ, ಈ ಮುಂಬಯಿಯಲ್ಲಿ ಕುಳಿತು ಕೇಳಿದರೆ ಇನ್ನೂ ಹೆಚ್ಚು.

ಗೋಳಗುಮ್ಮಟ ನೋಡದ ಕನ್ನಡಿಗ ಕಡಿಮೆ. ಅದು ಮುಹಮ್ಮದ್ ಆದಿಲ್‌ಷಾನ ಗೋರಿ ಎಂದು ಶಾಲೆಯ ಮಕ್ಕಳೂ ಹೇಳುತ್ತಾರೆ. 1645ರ ಸುಮಾರಿಗೆ ಹೈದರ್ ಅಲಿ, ಇಬ್ರಾಹಿಂ ಖಾನ್ ಎಂಬ ಇಬ್ಬರು ಬಿಜಾಪುರದ ಚಿತ್ರಗಾರರು ಬರೆದ ಒಂದು ಚಿತ್ರವಿದೆ. ಸುಲ್ತಾನ ಆನೆಯ ಮೇಲೆ ಕುಳಿತಿದ್ದಾನೆ. ಅವನ ಹಿಂದೆ, ಅದೇ ಆನೆಯ ಮೇಲೆ, ಒಬ್ಬ ಕಪ್ಪು ಮೈಬಣ್ಣದ ಗಂಭೀರ ಪುರುಷ. ಅವನು ಇಖ್ಲಾಸ್ ಖಾನ್, ಆಫ್ರಿಕ ಮೂಲದ ಹಬಶಿ, ಬಿಜಾಪುರದ ವಜೀರ. ರಾಜ್ಯದ ಲೆಕ್ಕಪತ್ರ, ದಂಡು ಎರಡನ್ನೂ ನೋಡಿಕೊಂಡವನು. ಅವನ ಬೇರೆ ಚಿತ್ರಗಳೂ ಇವೆ, ಅವೂ ವಿದೇಶದ ಸಂಗ್ರಹಾಲಯಗಳಲ್ಲಿ. ಇಲ್ಲಿ ಊಹೆಯ ಪ್ರಶ್ನೆಯೇ ಇಲ್ಲ. ಮುಖ ಇದೆ, ಹೆಸರು ಇದೆ, ಕಾಲ ಇದೆ. ಗುಮ್ಮಟದ ಪಿಸುಮಾತಿನ ಗ್ಯಾಲರಿಯಲ್ಲಿ ಕೂಗಿ ಏಳು ಸಲ ಪ್ರತಿಧ್ವನಿ ಕೇಳಿಬಂದ ನಮ್ಮಲ್ಲಿ ಎಷ್ಟು ಮಂದಿಗೆ ಈ ಹೆಸರು ಗೊತ್ತು? ಇಬ್ರಾಹಿಂ ರೋಜಾದ ಶಾಸನದಲ್ಲಿ ಆ ಕೆಲಸ ನಡೆಸಿದವನ ಹೆಸರು ಮಲಿಕ್ ಸಂದಲ್ ಎಂದಿದೆ. ಅವನೂ ಹಬಶಿ ಎಂದು ಹಲವು ಇತಿಹಾಸಕಾರರ ಅಭಿಪ್ರಾಯ. ಕಟ್ಟಡವನ್ನು ನಮ್ಮದೆನ್ನುತ್ತೇವೆ, ಕಟ್ಟಿಸಿದವನ ವಿಷಯ ಕೇಳುವುದಿಲ್ಲ.

ಮಲಿಕ್ ಅಂಬರನ ಹೆಸರನ್ನಾದರೂ ಕೆಲವರು ಕೇಳಿರುತ್ತಾರೆ. 1548ರ ಸುಮಾರಿಗೆ ಇಥಿಯೋಪಿಯದಲ್ಲಿ ಹುಟ್ಟಿ, ಗುಲಾಮನಾಗಿ ಕೈಯಿಂದ ಕೈಗೆ ಮಾರಾಟವಾಗಿ ದಖ್ಖನಿಗೆ ಬಂದವನು. ಯಜಮಾನ ಸತ್ತ ಮೇಲೆ ಸ್ವತಂತ್ರನಾಗಿ ಕೆಲಕಾಲ ಬಿಜಾಪುರದಲ್ಲೂ ಚಾಕರಿ ಮಾಡಿದ. 1600ರಿಂದ 1626ರಲ್ಲಿ ಸಾಯುವವರೆಗೆ ಅಹಮದ್‌ನಗರದ ರಾಜ್ಯವನ್ನು ಮೊಗಲರ ಬಾಯಿಗೆ ಬೀಳದಂತೆ ಉಳಿಸಿದ. 1610ರಲ್ಲಿ ಖಡ್ಕಿ ಎಂಬ ಊರು ಕಟ್ಟಿ, ನೆಲದೊಳಗಿನ ಕಾಲುವೆಗಳಿಂದ ಅದಕ್ಕೆ ನೀರು ತಂದ. ಅದೇ ಮುಂದಿನ ಔರಂಗಾಬಾದು, ಈಗಿನ ಛತ್ರಪತಿ ಸಂಭಾಜಿನಗರ. 1624ರಲ್ಲಿ ಭಾತವಡಿಯ ಕಾಳಗದಲ್ಲಿ ಅವನ ಪಕ್ಷದಲ್ಲಿ ಹೋರಾಡಿದವರಲ್ಲಿ ಶಿವಾಜಿಯ ತಂದೆ ಶಹಾಜಿಯೂ ಒಬ್ಬ. ಎಲ್ಲೋರಕ್ಕೆ ಹೋದ ನಮ್ಮ ಜನ ಹತ್ತಿರದ ಖುಲ್ದಾಬಾದಿಗೂ ಹೋಗಿ ಔರಂಗಜೇಬನ ಗೋರಿ ನೋಡಿ ಬರುತ್ತಾರೆ. ಅಂಬರನ ಗೋರಿಯೂ ಅದೇ ಊರಿನಲ್ಲಿದೆ, ಅತ್ತ ತಿರುಗುವವರಿಲ್ಲ.

ಇವನ ವಿಷಯದಲ್ಲಿ ಇನ್ನೊಂದು ಚಿತ್ರವನ್ನು ಹೇಳಲೇಬೇಕು. ಐರ್ಲೆಂಡಿನ ಡಬ್ಲಿನ್ ನಗರದ ಚೆಸ್ಟರ್ ಬೀಟಿ ಗ್ರಂಥಾಲಯದಲ್ಲಿರುವ ಅದನ್ನು 1616ರ ಸುಮಾರಿಗೆ ಬರೆದವನು ಜಹಾಂಗೀರನ ಆಸ್ಥಾನದ ಅಬುಲ್ ಹಸನ್. ಜಹಾಂಗೀರ್ ಭೂಗೋಲದ ಮೇಲೆ ನಿಂತು, ಈಟಿಯ ತುದಿಗೆ ಸಿಕ್ಕಿಸಿದ ಅಂಬರನ ಕಡಿದ ತಲೆಗೆ ಬಾಣ ಬಿಡುತ್ತಿದ್ದಾನೆ. ಇದು ನಡೆದದ್ದೇ ಇಲ್ಲ. ಜಹಾಂಗೀರನ ಕೈಗೆ ಅಂಬರ್ ಎಂದೂ ಸಿಗಲಿಲ್ಲ, ವಯಸ್ಸಾಗಿ ಸತ್ತ. ಗೆಲ್ಲಲಾರದ ಕಪ್ಪು ಮನುಷ್ಯನನ್ನು ಬಾದಶಹ ಬಣ್ಣದಲ್ಲಿ ಕೊಂದ. ಈ ಊಹೆಯ ಚಿತ್ರವನ್ನು ಲೋಕವೆಲ್ಲ ಕಲೆಯೆಂದು ಕೊಂಡಾಡುತ್ತದೆ, ಸುಳ್ಳೆಂದು ಯಾರೂ ಹೀಯಾಳಿಸುವುದಿಲ್ಲ. ಕಪ್ಪು ಮನುಷ್ಯನ ತಲೆ ಕಡಿಯಲು ಊಹೆ ನಡೆಯುತ್ತದೆ, ಅವನಿಗೊಂದು ಮುಖ ಕೊಡಲು ಮಾತ್ರ ದಾಖಲೆ ಬೇಕು!

ಇವೆಲ್ಲ ಸತ್ತವರ ಮಾತಾಯಿತು. ಬದುಕಿರುವವರ ಮಾತಿಗೆ ಬರುತ್ತೇವೆ. ಇದನ್ನು ಬರೆಯಲು ಕೈ ಹಿಂಜರಿಯುತ್ತದೆ.

ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲೆಯ ಕಾಡಿನ ಅಂಚಿನಲ್ಲಿ ಸಿದ್ದಿ ಜನರಿದ್ದಾರೆ. ಅವರ ಹಿರಿಯರಲ್ಲಿ ಅನೇಕರನ್ನು ಪೋರ್ಚುಗೀಸರು ಆಫ್ರಿಕದಿಂದ ಗೋವೆಗೆ ಗುಲಾಮರಾಗಿ ತಂದಿದ್ದರು. ತಪ್ಪಿಸಿಕೊಂಡವರು ಘಟ್ಟದ ಕಾಡು ಸೇರಿದರು. ಅವರಲ್ಲಿ ಹಿಂದೂಗಳಿದ್ದಾರೆ, ಮುಸಲ್ಮಾನರಿದ್ದಾರೆ, ಕ್ರೈಸ್ತರಿದ್ದಾರೆ. ಕನ್ನಡ ಮಾತಾಡುತ್ತಾರೆ. 2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಲಾಯಿತು. 2020ರಲ್ಲಿ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ನಾಮಕರಣಗೊಂಡು, ಆ ಸಮುದಾಯದಿಂದ ಅಲ್ಲಿಗೆ ಹೋದ ಮೊದಲಿಗರಾದರು. ಅವರು ಕರ್ನಾಟಕದವರು. ಮುಂಬಯಿಗೆ ಬಂದು ನೆಲೆಸಿದ ನಮಗಿಂತ ಒಂದು ಕೈ ಹೆಚ್ಚೇ ಕರ್ನಾಟಕದವರು.

ಕೆಲವು ವರ್ಷಗಳ ಹಿಂದೆ ನಮ್ಮ ಸಂಘದ ರಾಜ್ಯೋತ್ಸವಕ್ಕೆ ಒಂದು ಸಿದ್ದಿ ತಂಡ ಡಮಾಮಿ ಬಾರಿಸಿ ಕುಣಿಯಲು ಬಂದಿತ್ತು. ಚಪ್ಪಾಳೆ ಜೋರಾಗಿಯೇ ಬಿತ್ತು. ಸಭಿಕರಲ್ಲಿ ಕೆಲವರು ಮಕ್ಕಳಿಗೆ ಅವರ ಗುಂಗುರು ಕೂದಲು ಮುಟ್ಟಿ ನೋಡಲು ಹೇಳಿದರು. ಊಟದ ಹೊತ್ತಿಗೆ ಒಬ್ಬರು ಆ ತಂಡದ ಹಿರಿಯರನ್ನು, "ನಿಮಗೆ ಕನ್ನಡ ಬರುತ್ತದೆಯೆ?" ಎಂದು ಹಿಂದಿಯಲ್ಲಿ ಕೇಳಿದರು. ಅವರು ಶುದ್ಧ ಕನ್ನಡದಲ್ಲಿ, "ನಮಗೆ ಬರ್ತದೆ. ನಿಮ್ಮ ಮಕ್ಕಳಿಗೆ?" ಎಂದರು. ನಾವು ಆ ಮಾತು ಕೇಳಿ ಆಗಲೂ ನಕ್ಕಿದ್ದೆವು.

ಮರುತಿಂಗಳ ಸಂಚಿಕೆಯಲ್ಲಿ ಫೋಟೋ ಬಂತು. ಅಡಿಯಲ್ಲಿ ಮುದ್ರಣವಾದದ್ದು: ಅಧ್ಯಕ್ಷರ ಹೆಸರು, ಕಾರ್ಯದರ್ಶಿಯವರ ಹೆಸರು, ಮುಖ್ಯ ಅತಿಥಿಗಳ ಹೆಸರು ಮತ್ತು ಅವರ ಹುದ್ದೆ, ಕೊನೆಗೆ "ಸಿದ್ದಿ ಕಲಾವಿದರೊಂದಿಗೆ" ಎಂಬ ಎರಡು ಮಾತು. ಫೋಟೋದಲ್ಲಿ ಒಂಬತ್ತು ಮಂದಿ ಸಿದ್ದಿಗಳಿದ್ದರು. ಒಂಬತ್ತರಲ್ಲಿ ಒಂದು ಹೆಸರೂ ಇರಲಿಲ್ಲ.

ಆ ಅಡಿಬರಹ ಬರೆದವರು ನಾವೇ. ಸಂಘದ ಜತೆ ಕಾರ್ಯದರ್ಶಿಯಾಗಿ ಆ ವರ್ಷ ನಮಗೆ ಆ ಕೆಲಸವಿತ್ತು. ಯಾರೂ ಹೆಸರು ತೆಗೆಯಲು ಹೇಳಲಿಲ್ಲ. ಕೇಳಬೇಕೆಂದು ನಮಗೇ ಹೊಳೆಯಲಿಲ್ಲ. 1904ರ ಆ ಇಂಗ್ಲಿಷ್ ಗುಮಾಸ್ತನ ಕತೆ ಓದಿದಾಗ ನಮಗೆ ಮೊದಲು ಸಿಟ್ಟು ಬಂತು, ಆಮೇಲೆ ಈ ಫೋಟೋ ನೆನಪಾಯಿತು. ಹಳೆಯ ಸಂಚಿಕೆಗಳ ಕಟ್ಟು ಬಿಚ್ಚಿ ನೋಡಿದೆವು. ಅವನ ಬರಹಕ್ಕೂ ನಮ್ಮ ಬರಹಕ್ಕೂ ಏನೂ ವ್ಯತ್ಯಾಸ ಕಾಣಲಿಲ್ಲ.

ಇದು ನಮ್ಮೊಬ್ಬರ ಅಜಾಗರೂಕತೆ ಎಂದು ತಳ್ಳಿಹಾಕುವಂತಿಲ್ಲ. ಇದೇ ಪತ್ರಿಕೆಯ ಕೊನೆಯ ಪುಟದ ವಧೂವರರ ಅಂಕಣ ತೆರೆದು ನೋಡಿ: ಬಿಳಿ ಬಣ್ಣ, ಗೋಧಿ ಬಣ್ಣ, ಎಣ್ಣೆಗೆಂಪು. ಕೃಷ್ಣನನ್ನು ಪೂಜಿಸುವ ಮನೆಗೆ ಕಪ್ಪು ಸೊಸೆ ಬೇಡ. ಲೋಕಲ್ ಗಾಡಿಯಲ್ಲಿ ನಾಲ್ಕನೆಯ ಸೀಟಿಗಾಗಿ ಜಗಳಾಡುವ ನಮ್ಮ ಜನ, ಆಫ್ರಿಕದ ವಿದ್ಯಾರ್ಥಿಯೊಬ್ಬನ ಪಕ್ಕದ ಜಾಗ ಖಾಲಿಯಿದ್ದರೂ ನಿಂತೇ ಪ್ರಯಾಣ ಮಾಡುವುದನ್ನು ನಾವು ನೋಡಿದ್ದೇವೆ. ಈ ಊರಿನಲ್ಲಿ ಒಂದು ಕಾಲದಲ್ಲಿ ನಮ್ಮನ್ನೂ ಹೆಸರು ಹಿಡಿದು ಕರೆಯುವವರಿರಲಿಲ್ಲ. ದಕ್ಷಿಣದವರೆಲ್ಲ ಮದರಾಸಿಗಳು, ಹೋಟೆಲಿನ ಹುಡುಗರೆಲ್ಲ ಅಣ್ಣಾಗಳು. ಅದು ನೆನಪಿರುವ ಹಿರಿಯರು ಇನ್ನೂ ನಮ್ಮ ನಡುವೆ ಇದ್ದಾರೆ. ಅನುಭವಿಸಿದವರೇ ಮರೆತರೆ ಬೇರೆಯವರಿಗೆ ಹೇಳುವುದೇನು?

ಆದ್ದರಿಂದ ನಮ್ಮ ಬೇಡಿಕೆಗಳು ಮೂರು. ಇವನ್ನು ಲಿಖಿತವಾಗಿ ಕಾರ್ಯಕಾರಿ ಸಮಿತಿಗೂ ಕೊಟ್ಟಿದ್ದೇವೆ.

ಒಂದು: ಬರುವ ರಾಜ್ಯೋತ್ಸವಕ್ಕೆ ಸಭಾಂಗಣದಲ್ಲಿ ಇಖ್ಲಾಸ್ ಖಾನನ ಭಾವಚಿತ್ರವೊಂದನ್ನು ತೂಗುಹಾಕಬೇಕು. ಹಳೆಯ ಚಿತ್ರವನ್ನು ನೋಡಿ ಹೊಸದಾಗಿ ಬರೆಯಲು ಕಲಾಶಾಲೆಯ ವಿದ್ಯಾರ್ಥಿ ಯಾರಾದರೂ ಸಿಗುತ್ತಾರೆ. ಸಿದ್ದಿ ಸಮುದಾಯದ ಯುವಕನೋ ಯುವತಿಯೋ ಸಿಕ್ಕರೆ ಇನ್ನೂ ಒಳ್ಳೆಯದು. ಖರ್ಚಿಗೆ ನಾವು ಮೊದಲ ಸಾವಿರ ರೂಪಾಯಿ ಕೊಡುತ್ತೇವೆ. ಕೆಳಗೆ ಅವನು ಯಾರು, ಏನು ಮಾಡಿದ, ಆಫ್ರಿಕದವರು ಈ ನಾಡಿಗೆ ಯಾವ ಸ್ಥಿತಿಯಲ್ಲಿ ಬಂದರು ಎಂಬುದನ್ನು ಬರೆಸಬೇಕು.

ಎರಡು: ಈ ಪತ್ರಿಕೆಯಲ್ಲಿ ಇನ್ನು ಮುಂದೆ ಹೆಸರಿಲ್ಲದ ಫೋಟೋ ಬರಬಾರದು. ಅಡಿಗೆಯವರಿರಲಿ, ಮೈಕಿನವರಿರಲಿ, ಕುಣಿದವರಿರಲಿ, ಫೋಟೋದಲ್ಲಿದ್ದರೆ ಹೆಸರು ಬರಬೇಕು. ವಧೂವರರ ಅಂಕಣದಿಂದ ಮೈಬಣ್ಣದ ವಿವರವನ್ನು ತೆಗೆಯಬೇಕು.

ಮೂರು: ಸಿದ್ದಿ ತಂಡವನ್ನು ಮತ್ತೆ ಕರೆಯಬೇಕು. ಈ ಸಲ ಕುಣಿತದ ಜತೆಗೆ ಅರ್ಧ ಗಂಟೆ ಭಾಷಣಕ್ಕೂ ಕೊಡಬೇಕು. ಅವರು ಮಾತಾಡಲಿ, ನಾವು ಕೇಳೋಣ.

ಹಿಂದಿನ ಸಲದ ತಂಡದ ಹಿರಿಯರ ವಿಳಾಸ ಸಂಘದ ಕಡತದಲ್ಲಿ, ಪ್ರಯಾಣ ಭತ್ಯೆಯ ರಸೀತಿಯ ಮೇಲೆ ಇತ್ತು. ನಾವು ಮೊದಲೇ ಹೇಳಿದೆವಲ್ಲ, ಹಣ ಕೊಟ್ಟ ಕಡೆ ಹೆಸರು ಇರುತ್ತದೆ ಎಂದು. ಅವರಿಗೆ ಫೋಟೋ ಇಟ್ಟು ಪತ್ರ ಬರೆದಿದ್ದೆವು. ಉತ್ತರ ಬಂದಿದೆ. ಫೋಟೋದ ಹಿಂಬದಿಯಲ್ಲಿ, ಯಾರು ಎಲ್ಲಿ ನಿಂತಿದ್ದಾರೆಂದು ಅಂಕಿ ಹಾಕಿ, ಒಂಬತ್ತು ಹೆಸರುಗಳನ್ನು ದುಂಡಗಿನ ಕನ್ನಡ ಅಕ್ಷರದಲ್ಲಿ ಬರೆದು ಕಳಿಸಿದ್ದಾರೆ. ಅವರಲ್ಲಿ ಒಬ್ಬರು ಈಗಿಲ್ಲವಂತೆ. ಅಚ್ಚು ಹಾಕಲು ಉಳಿದವರ ಒಪ್ಪಿಗೆಯನ್ನೂ, ತೀರಿಕೊಂಡವರ ಮನೆಯವರ ಒಪ್ಪಿಗೆಯನ್ನೂ ಕೇಳಿದ್ದೇವೆ. ಬಂದ ಕೂಡಲೇ ಅದೇ ಫೋಟೋವನ್ನು, ಒಂಬತ್ತೂ ಹೆಸರುಗಳೊಂದಿಗೆ, ಮೊದಲಿನಷ್ಟೇ ದೊಡ್ಡದಾಗಿ ಮತ್ತೆ ಮುದ್ರಿಸಬೇಕೆಂದು ಸಂಪಾದಕರಲ್ಲಿ ನಮ್ಮ ವಿನಂತಿ.